‘ಪರೀಕ್ಷೆಯಿಂದ ಸಾಬೀತು’: ಯಾರ ಮೇಲಿನ ಪರೀಕ್ಷೆ, ಎಷ್ಟರ ಸಾಬೀತು?

ಮೆಡಿಕಲ್ ಶಾಪಿನ ಕಪಾಟಿನಲ್ಲಿ ನೋವಿನ ಮಾತ್ರೆಗಳ ಪಕ್ಕದಲ್ಲೇ ಈಗ ಅರಿಸಿನದ ಕ್ಯಾಪ್ಸೂಲು, ಶಲ್ಲಕಿ ಮಾತ್ರೆ, ಲೋಳೆಸರದ ಜೆಲ್ಲು, ಪ್ರೊಪೊಲಿಸ್ ಎಂಬ ಜೇನುಗೂಡಿನ ಅಂಟಿನ ಸ್ಪ್ರೇ ಎಲ್ಲ ಬಂದು ಕೂತಿವೆ. ಡಬ್ಬಿಯ ಮೇಲೊಂದು ಹಸಿರೆಲೆ, ಅದರ ಕೆಳಗೆ ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂಬ ಸಾಲು. ಆ ಸಾಲು ಬಹಳ ಸಲ ಸುಳ್ಳೇನೂ ಆಗಿರುವುದಿಲ್ಲ. ಎಲ್ಲೋ ಒಂದು ಕಡೆ ಏನೋ ಒಂದು ಪರೀಕ್ಷೆ ನಡೆದೇ ಇರುತ್ತದೆ. ಆದರೆ ಯಾರ ಮೇಲೆ ನಡೆಯಿತು, ಯಾವ ವಸ್ತುವನ್ನು ಎಷ್ಟು ಕೊಟ್ಟರು, ಯಾವುದರ ಜೊತೆ ಹೋಲಿಸಿ ನೋಡಿದರು ಎಂಬುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ. ಮಂಡಿನೋವಿಗೋ ಮಾಯದ ಗಾಯಕ್ಕೋ ದುಡ್ಡು ಬಿಚ್ಚುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಅವೇ. ಗಿಡಮೂಲಿಕೆ ಎಂದರೆ ಮೂಗು ಮುರಿಯುವವರಿಗೂ, ಗಿಡದ್ದಾದರೆ ಅಪಾಯವೇ ಇಲ್ಲ ಎನ್ನುವವರಿಗೂ ಇದರ ಉತ್ತರಗಳು ಅಷ್ಟು ರುಚಿಸಲಿಕ್ಕಿಲ್ಲ.

ಇಲಿಯ ಪಾದ ಊದಿದಾಗ

ಯಾವುದೋ ಎಲೆಯ ಸಾರ ‘ಉರಿಯೂತ ಇಳಿಸುತ್ತದೆ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅದರ ಹಿಂದೆ ಹೆಚ್ಚಿನ ಸಲ ಒಂದು ಇಲಿ ಇರುತ್ತದೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇವತ್ತಿಗೂ ನಮ್ಮ ಫಾರ್ಮಸಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಇಲಿಯ ಹಿಂಗಾಲಿನ ಗಿಣ್ಣಿನ ಹತ್ತಿರ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ಒಂದು ಗುಂಪಿನ ಇಲಿಗಳಿಗೆ ಗಿಡದ ಸಾರ ಕುಡಿಸುತ್ತಾರೆ. ಇನ್ನೊಂದು ಗುಂಪಿಗೆ ಸಾರ ಕಲಸಲು ಬಳಸಿದ ಬರೀ ದ್ರವ, ಮತ್ತೊಂದಕ್ಕೆ ಡೈಕ್ಲೋಫೆನಾಕ್ ಅಥವಾ ಇಂಡೋಮೆಥಸಿನ್. ಸ್ವಲ್ಪ ಹೊತ್ತು ಬಿಟ್ಟು ಪಾದದ ಅಡಿಗೆ ಶೇ 1ರ ಕ್ಯಾರಜೀನನ್ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಚುಚ್ಚುತ್ತಾರೆ. ಕ್ಯಾರಜೀನನ್ ಎಂದರೆ ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ಐಸ್‌ಕ್ರೀಮು ಮಂದವಾಗಲೆಂದು ಹಾಕುವುದೂ ಇದನ್ನೇ. ತಿಂದರೆ ಸುಮ್ಮನಿರುವ ಈ ಅಂಟು ಚರ್ಮದಡಿ ಹೊಕ್ಕರೆ ಪಾದ ಗುಂಡಗೆ ಊದಿಕೊಳ್ಳುತ್ತದೆ. ಆಮೇಲೆ ಪ್ಲೆಥಿಸ್ಮೋಮೀಟರ್ ಎಂಬ ಉಪಕರಣದ ಗಾಜಿನ ಕೊಳವೆಯಲ್ಲಿ ಆ ಪಾದವನ್ನು ಗೆರೆಯವರೆಗೆ ಮುಳುಗಿಸುತ್ತಾರೆ. ದ್ರವ ಎಷ್ಟು ಮೇಲೇರಿತೋ ಅದೇ ಪಾದದ ಗಾತ್ರ. ಗಂಟೆಗೊಮ್ಮೆ ಹೀಗೆ ಅಳೆಯುತ್ತ ಹೋದರೆ ಮೂರು-ನಾಲ್ಕನೆಯ ಗಂಟೆಯ ಹೊತ್ತಿಗೆ ಊತ ಜೋರಾಗಿರುತ್ತದೆ. ಸಾರ ಕುಡಿದ ಇಲಿಯ ಪಾದ ಅಷ್ಟಾಗಿ ಊದಿಲ್ಲವಾದರೆ ಸಾರಕ್ಕೆ ಗುಣವಿದೆ ಎಂದು ಲೆಕ್ಕ.

ನೋವಿಗೆ ಬೇರೆ ಏರ್ಪಾಟು. ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿಯ ತಟ್ಟೆಯ ಮೇಲೆ ಇಲಿಯನ್ನು ಬಿಟ್ಟು, ಅದು ಪಾದ ನೆಕ್ಕುವವರೆಗೆ ಅಥವಾ ಜಿಗಿಯುವವರೆಗೆ ಸೆಕೆಂಡು ಎಣಿಸುತ್ತಾರೆ. ಪಾದ ಸುಡದಿರಲೆಂದು ಇಷ್ಟು ಸೆಕೆಂಡಿಗೆ ತೆಗೆದುಬಿಡಬೇಕು ಎಂಬ ಮಿತಿ ಇರುತ್ತದೆ. ಇನ್ನೊಂದು ವಿಧಾನದಲ್ಲಿ ಹೊಟ್ಟೆಗೆ ಅಸಿಟಿಕ್ ಆಮ್ಲ ಚುಚ್ಚಿ, ಸಂಕಟದಿಂದ ಇಲಿ ಎಷ್ಟು ಸಲ ಮೈ ಹಿಂಡಿತು ಎಂದು ಲೆಕ್ಕ ಹಾಕುತ್ತಾರೆ. ಈ ಎರಡನೆಯದರಲ್ಲಿ ಒಂದು ದೊಡ್ಡ ಕುಂದಿದೆ. ನೋವು ಕಳೆಯದೆ ಬರೀ ಮಂಪರು ಬರಿಸುವ ವಸ್ತು ಕೊಟ್ಟರೂ ಇಲಿ ಮೈ ಹಿಂಡುವುದು ಕಡಿಮೆಯಾಗುತ್ತದೆ. ಇಲಿ ಸುಮ್ಮನಾಯಿತು ಎಂದರೆ ನೋವು ಹೋಯಿತು ಎಂದೇ ಅರ್ಥವಲ್ಲ.

ಗಾಯದ ಪರೀಕ್ಷೆಯಲ್ಲಿ ತೊಡಕು ಇನ್ನೂ ಹೆಚ್ಚು. ಇಲಿಯ ಬೆನ್ನಿನ ಕೂದಲು ಬೋಳಿಸಿ, ಬಿಲ್ಲೆಯಷ್ಟು ಚರ್ಮ ತೆಗೆದು, ಮುಲಾಮು ಹಚ್ಚುತ್ತ, ಗಾಯದ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ಗುರುತು ಮಾಡಿಕೊಳ್ಳುತ್ತ ಹೋಗುತ್ತಾರೆ. ಇಲಿಯ ಚರ್ಮದ ಅಡಿಯಲ್ಲಿ ತೆಳುವಾದ ಸ್ನಾಯುವಿನ ಪದರವಿದೆ. ಅದು ಗಾಯದ ಅಂಚುಗಳನ್ನು ಸಂಚಿಯ ಬಾಯಿದಾರದಂತೆ ಎಳೆದು ಮುಚ್ಚಿಬಿಡುತ್ತದೆ. ನಮ್ಮ ಗಾಯ ಮುಖ್ಯವಾಗಿ ಹೊಸ ಮಾಂಸ ತುಂಬಿ, ಅದರ ಮೇಲೆ ಹೊಸ ಚರ್ಮ ಹಬ್ಬಿ ಮಾಯುವಂಥದು. ಹೀಗಾಗಿ ಇಲಿಯಲ್ಲಿ ಗಾಯ ಬೇಗ ಮುಚ್ಚಿತು ಎಂಬ ಮಾತಿಗೆ ನಮ್ಮ ಕಾಲಿನ ಹುಣ್ಣಿನ ಮಟ್ಟಿಗೆ ಹೆಚ್ಚು ಬೆಲೆಯಿಲ್ಲ. ಚರ್ಮದ ವಿಷಯದಲ್ಲಿ ಹಂದಿಯೇ ನಮಗೆ ಹತ್ತಿರದ ನೆಂಟ.

ಇದಕ್ಕೂ ಕೆಳಗಿನ ಹಂತ ಪರೀಕ್ಷಾನಳಿಕೆಯದು. ಮೊಟ್ಟೆಯ ಬಿಳಿಯನ್ನು ಬಿಸಿ ಮಾಡಿದಾಗ ಅದು ಗಟ್ಟಿಯಾಗುವುದನ್ನು ಸಾರ ತಡೆಯುತ್ತದೆಯೇ ಎಂದು ನೋಡಿ ‘ಉರಿಯೂತ ನಿವಾರಕ ಗುಣ’ ಎಂದು ಬರೆಯುವ ಪ್ರಬಂಧಗಳು ರಾಶಿಗಟ್ಟಲೆ ಬರುತ್ತವೆ. ವಿದ್ಯಾರ್ಥಿಗಳ ಅಭ್ಯಾಸಕ್ಕೆ ಅದು ಸರಿ. ನಿಮ್ಮ ಮಂಡಿಗೂ ಅದಕ್ಕೂ ಸಂಬಂಧವಿಲ್ಲ ಎಂದೇ ತಿಳಿಯಿರಿ.

ಇಷ್ಟು ಹೇಳಿದ್ದು ಪ್ರಾಣಿಗಳ ಮೇಲಿನ ಪರೀಕ್ಷೆ ದಂಡ ಎನ್ನುವುದಕ್ಕಲ್ಲ. ಬಾಣಂತಿಯ ನೀರಿಗೆ ಹಾಕುವ ಲಕ್ಕಿ ಸೊಪ್ಪಿನ ಸಾರ ಇಲಿಗಳಲ್ಲಿ ಊತವನ್ನೂ ನೋವನ್ನೂ ಕಡಿಮೆ ಮಾಡಿತು ಎಂದು ಶ್ರೀಲಂಕಾದ ಸಂಶೋಧಕರು 2003ರಲ್ಲಿ ವರದಿ ಮಾಡಿದರು. ಆ ಗಿಡದಲ್ಲಿ ಹುಡುಕುವಂಥದ್ದು ಏನೋ ಇದೆ ಎಂಬ ಸುಳಿವು ಅದು. ಸುಳಿವು ಸಿಕ್ಕ ಮೇಲೆ ಮುಂದಿನ ಕೆಲಸ ಪ್ರಮಾಣದ್ದು, ಮತ್ತು ಹೆಚ್ಚಿನ ಗಿಡಮೂಲಿಕೆಗಳು ಜಾರಿ ಬೀಳುವುದು ಅಲ್ಲೇ.

ಪೆನ್ನು ಹಿಡಿದು ಲೆಕ್ಕ ಮಾಡಿ. ಇಲಿಗೆ ದೇಹತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸಾರ ಕೊಡುವುದು ಇಂಥ ಪ್ರಯೋಗಗಳಲ್ಲಿ ಸಾಮಾನ್ಯ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸಲು 6.2ರಿಂದ ಭಾಗಿಸಬೇಕು ಎನ್ನುವುದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲಿ ಕೊಟ್ಟ ಮಾರ್ಗಸೂಚಿ. ಭಾಗಿಸಿದರೆ ಕಿಲೋಗೆ ಸುಮಾರು 65 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಹತ್ತಿರಹತ್ತಿರ 4 ಗ್ರಾಂ ಒಣ ಸಾರ ಬೇಕು. ನೂರು ಗ್ರಾಂ ಒಣ ಎಲೆಯಿಂದ 10 ಗ್ರಾಂ ಸಾರ ಸಿಗುತ್ತದೆ ಎಂದುಕೊಂಡರೂ ದಿನಕ್ಕೆ 40 ಗ್ರಾಂ ಒಣ ಎಲೆ ಬೇಕಾಯಿತು. ಹಸಿ ಎಲೆಯಾದರೆ ಅದರ ಹಲವು ಪಟ್ಟು. ನಾಲ್ಕು ಎಲೆ ಹಾಕಿ ಕುದಿಸಿದ ಒಂದು ಲೋಟ ಕಷಾಯಕ್ಕೂ ಆ ಪ್ರಬಂಧಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ.

ಅರಿಸಿನದ ಲೆಕ್ಕ

ಅರಿಸಿನದ ಮಾತು ಬಂದಾಗಲೆಲ್ಲ ಪೇಟೆಂಟ್ ಗೆದ್ದ ಕತೆಯನ್ನು ಪುರಾವೆಯಾಗಿ ಹೇಳುವವರಿದ್ದಾರೆ. ಗಾಯಕ್ಕೆ ಅರಿಸಿನ ಬಳಸುವುದರ ಮೇಲೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆಗ ರಘುನಾಥ ಮಾಶೇಲ್ಕರ್ ನೇತೃತ್ವದಲ್ಲಿದ್ದ ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನೂ 1953ರಲ್ಲಿ ಭಾರತದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೇಖನವನ್ನೂ ಮುಂದಿಟ್ಟು ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಹೆಮ್ಮೆಪಡುವಂಥ ಗೆಲುವೇ. ಆದರೆ ಪೇಟೆಂಟ್ ಕಚೇರಿ ತೀರ್ಮಾನಿಸಿದ್ದು ‘ಇದು ಹೊಸದಲ್ಲ’ ಎಂದು. ಅರಿಸಿನ ಹಚ್ಚಿದರೆ ಗಾಯ ಎಷ್ಟು ಬೇಗ ಮಾಯುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ.

ಅರಿಸಿನ ಪುಡಿಯಲ್ಲಿ ಅದರ ಮುಖ್ಯ ಸಕ್ರಿಯ ವಸ್ತುವಾದ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಹಾಲಿಗೆ ಹಾಕುವ ಅರ್ಧ ಗ್ರಾಂ ಪುಡಿಯಲ್ಲಿ ಅದು 15 ಮಿಲಿಗ್ರಾಂ. ಇನ್ನು ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ. ಕರುಳಿನ ಗೋಡೆ, ಪಿತ್ತಜನಕಾಂಗ ಎರಡೂ ಸೇರಿ ಅದನ್ನು ರೂಪ ಕೆಡಿಸಿ ಹೊರಗಟ್ಟುತ್ತವೆ. ಈ ವಿಷಯದಲ್ಲಿ ಜಗತ್ತಿನಾದ್ಯಂತ ಇಂದಿಗೂ ಉಲ್ಲೇಖವಾಗುವ ಅಧ್ಯಯನ ನಮ್ಮ ಬೆಂಗಳೂರಿನದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ನಡೆದು 1998ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ ಶೇ 2000ದಷ್ಟು ಏರಿತು. ಜಾಹೀರಾತುಗಳಲ್ಲಿ ಮೆರೆಯುವ ‘20 ಪಟ್ಟು’ ಹುಟ್ಟಿದ್ದು ಇಲ್ಲಿ. ಇಲ್ಲವೆನ್ನುವಷ್ಟು ಇದ್ದದ್ದು 20 ಪಟ್ಟಾದರೆ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ಜಾಹೀರಾತು ಬರೆಯುವವರು ನಮ್ಮ ಊಹೆಗೆ ಬಿಟ್ಟಿದ್ದಾರೆ. ಆ 2 ಗ್ರಾಂ ಕರ್ಕ್ಯುಮಿನ್ ಪಡೆಯಲು ಸುಮಾರು 67 ಗ್ರಾಂ ಅರಿಸಿನ ಪುಡಿ ತಿನ್ನಬೇಕು ಎಂಬುದೂ ನೆನಪಿರಲಿ.

ಹಾಗಾದರೆ ಕ್ಯಾಪ್ಸೂಲು ದಂಡವೇ? ಹಾಗೆನ್ನಲೂ ಆಗದು. ಥಾಯ್ಲೆಂಡಿನ ಹಲವು ಆಸ್ಪತ್ರೆಗಳಲ್ಲಿ ಮಂಡಿ ಸವೆತದ 367 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಅರಿಸಿನದ ಸಾರ, ಇನ್ನೊಂದಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟರು. ನಾಲ್ಕು ವಾರಗಳ ಕೊನೆಗೆ ನೋವಿನಲ್ಲಿ ಸಾರ ಹಿಂದೆ ಬೀಳಲಿಲ್ಲ, ಹೊಟ್ಟೆನೋವಿನ ದೂರು ಸಾರದ ಗುಂಪಿನಲ್ಲೇ ಕಡಿಮೆಯಿತ್ತು. ಇದು ಪ್ರಕಟವಾದದ್ದು 2014ರಲ್ಲಿ. ಆದರೆ ಅಲ್ಲಿ ಏನೂ ಇಲ್ಲದ ಹುಸಿಗುಳಿಗೆ ನುಂಗಿದ ಮೂರನೆಯ ಗುಂಪೊಂದು ಇರಲಿಲ್ಲ, ಅವಧಿಯೂ ನಾಲ್ಕೇ ವಾರ. 2017ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ತಂಡವೊಂದು ಕರ್ಕ್ಯುಮಿನ್ನಿನ ಇಡೀ ಜಾತಕ ಬಿಡಿಸಿಟ್ಟಿತು. ಈ ಅಣು ಸ್ಥಿರವಲ್ಲ, ಪರೀಕ್ಷಾನಳಿಕೆಯಲ್ಲಿ ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿ, ಸ್ವತಃ ಹೊಳೆದು, ಪರೀಕ್ಷೆಯ ಉಪಕರಣವನ್ನೇ ಮೋಸಗೊಳಿಸುತ್ತದೆ ಎಂಬುದು ಅವರ ವಾದ. ನನ್ನ ಅಂದಾಜು ಇಷ್ಟು: ಮಂಡಿಯ ಸವೆತದ ನೋವಿಗೆ ಅರಿಸಿನದ ಸಾರದಿಂದ ಒಂದಿಷ್ಟು ಉಪಶಮನ ಸಿಗಬಹುದು. ಅದರಾಚೆಗೆ ಕ್ಯಾನ್ಸರು, ಮರೆವು ಎಂದೆಲ್ಲ ಪಟ್ಟಿ ಬೆಳೆಸುವ ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬನ್ನಿ.

ಅಪಾಯದ ಮಾತೂ ಇಲ್ಲೇ ಮುಗಿಸೋಣ. ಸಾರಿಗೆ ಹಾಕುವ ಅರಿಸಿನ ಯಾರನ್ನೂ ಕೆಡಿಸಿಲ್ಲ. ಸಾಂದ್ರೀಕರಿಸಿದ ಕ್ಯಾಪ್ಸೂಲಿನ ವಿಷಯ ಬೇರೆ. ಇಟಲಿಯಲ್ಲಿ 2019ರಲ್ಲಿ ಇಂಥ ಕ್ಯಾಪ್ಸೂಲು ತೆಗೆದುಕೊಂಡವರಲ್ಲಿ ಪಿತ್ತಜನಕಾಂಗದ ಉರಿಯೂತ ಕಂಡು ಸರ್ಕಾರವೇ ಎಚ್ಚರಿಕೆ ಹೊರಡಿಸಿತು. ಅಮೆರಿಕದಿಂದ 2022ರಲ್ಲಿ ಬಂದ ವರದಿ ಇಂಥ 10 ರೋಗಿಗಳನ್ನು ವಿವರಿಸಿದ್ದು, ಅವರಲ್ಲಿ ಹೆಚ್ಚಿನವರಿಗೆ ಒಂದೇ ಬಗೆಯ ಆನುವಂಶಿಕ ಗುರುತು ಇತ್ತು. ಪೈಪರಿನ್ ಹೀರಿಕೆ ಹೆಚ್ಚಿಸುವುದು ಕರ್ಕ್ಯುಮಿನ್ನಿನದೊಂದನ್ನೇ ಅಲ್ಲ. ಮೂರ್ಛೆರೋಗದ ಫೆನಿಟೊಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಮುಂತಾದವನ್ನೂ ಅದು ರಕ್ತದಲ್ಲಿ ಏರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಆಪರೇಷನ್ನಿಗೆ ದಿನ ಗೊತ್ತಾಗಿರುವವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು.

ಜೇನಿನ ಸಾಕ್ಷಿ

ಗಾಯದ ವಿಷಯದಲ್ಲಿ ಗಟ್ಟಿ ಸಾಕ್ಷಿ ಇರುವುದು ಜೇನಿಗೆ. ಅದರ ಕೆಲಸದ ರೀತಿ ನಿಗೂಢವೇನಲ್ಲ. ಸಕ್ಕರೆ ಅಷ್ಟು ದಟ್ಟವಾಗಿರುವುದರಿಂದ ಸೂಕ್ಷ್ಮಾಣುಗಳ ನೀರನ್ನೇ ಹೀರಿಬಿಡುತ್ತದೆ. ಅದರ ಹುಳಿಯಲ್ಲಿ ಅವು ಬೆಳೆಯುವುದೂ ಕಷ್ಟ. ಇದರ ಜೊತೆ ಜೇನುನೊಣ ಸೇರಿಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಗಾಯದ ಒಸರಿನಲ್ಲಿ ಜೇನು ತೆಳುವಾದಾಗ ಈ ಕಿಣ್ವ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಚೂರುಚೂರೇ ಬಿಡುತ್ತ ಹೋಗುತ್ತದೆ. ಜೇನನ್ನು ಕಾಯಿಸಿದರೆ ಮೊದಲು ಹಾಳಾಗುವುದು ಈ ಕಿಣ್ವ. ನ್ಯೂಜಿಲೆಂಡಿನ ಮನುಕಾ ಜೇನಿನ ಗುಣ ಕಿಣ್ವದ ಮೇಲೆ ನಿಂತಿಲ್ಲ. ಅದರಲ್ಲಿರುವ ಮಿಥೈಲ್‌ಗ್ಲೈಆಕ್ಸಲ್ ಎಂಬ ರಾಸಾಯನಿಕವೇ ಕಾರಣ ಎಂದು 2008ರಲ್ಲಿ ಗೊತ್ತಾಯಿತು. ಮನುಕಾ ಜೇನಿನ ಮೇಲೆ ದಶಕಗಳ ಕಾಲ ದುಡಿದವರು ವೈಕಾಟೋ ವಿಶ್ವವಿದ್ಯಾಲಯದ ಪೀಟರ್ ಮೋಲನ್.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನೆರೆಯ ಮಹಾರಾಷ್ಟ್ರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಅವರ ಹೆಸರು ಮುಂದೆ ನಿಲ್ಲುತ್ತದೆ. ಮೇಲ್ಮೈ ಸುಟ್ಟಗಾಯದ 104 ರೋಗಿಗಳಲ್ಲಿ ಅರ್ಧ ಜನಕ್ಕೆ ಜೇನು, ಉಳಿದರ್ಧಕ್ಕೆ ಸುಟ್ಟಗಾಯಗಳಿಗೆ ಎಲ್ಲೆಡೆ ಹಚ್ಚುತ್ತಿದ್ದ ಸಿಲ್ವರ್ ಸಲ್ಫಡಯಾಜಿನ್ ಮುಲಾಮು ಹಚ್ಚಿ ಹೋಲಿಸಿದ ಅವರ ವರದಿ 1991ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬಂತು. 15 ದಿನಗಳಲ್ಲಿ ಜೇನಿನ ಗುಂಪಿನ ಶೇ 87 ಗಾಯಗಳು ಮಾಯ್ದಿದ್ದವು, ಮುಲಾಮಿನ ಗುಂಪಿನಲ್ಲಿ ಶೇ 10. ವ್ಯತ್ಯಾಸ ಇಷ್ಟು ದೊಡ್ಡದಿದ್ದಾಗ ಹುಬ್ಬೇರುವುದು ಸಹಜ. ಹುಬ್ಬೇರಿಸಬೇಕಾದ್ದೂ ಹೌದು. ಜೇನು ಅಂಟುತ್ತದೆ, ವಾಸನೆ ಬರುತ್ತದೆ. ಯಾರಿಗೆ ಯಾವುದನ್ನು ಹಚ್ಚಿದೆ ಎಂಬುದನ್ನು ರೋಗಿಯಿಂದಲೂ ನರ್ಸಿನಿಂದಲೂ ಮುಚ್ಚಿಡಲು ಬರುವುದಿಲ್ಲ. ಈ ಬಗೆಯ 26 ಪ್ರಯೋಗಗಳನ್ನು, 3,011 ರೋಗಿಗಳ ಮಾಹಿತಿಯನ್ನು ಕೊಕ್ರೇನ್ ಸಂಸ್ಥೆಯ ಪರಿಶೀಲಕರು 2015ರಲ್ಲಿ ಒಟ್ಟುಗೂಡಿಸಿ ತೂಗಿದರು. ಅರೆ ಆಳದ ಸುಟ್ಟಗಾಯ ಸಾಮಾನ್ಯ ಪಟ್ಟಿಗಿಂತ ನಾಲ್ಕೈದು ದಿನ ಮೊದಲೇ ಮಾಯುತ್ತದೆ, ಆಪರೇಷನ್ ಆದ ಮೇಲೆ ಕೀವಾದ ಗಾಯಕ್ಕೂ ಜೇನು ಒಳ್ಳೆಯದು ಎಂದರು. ರಕ್ತನಾಳದ ತೊಂದರೆಯಿಂದ ಕಾಲಲ್ಲಿ ಆಗುವ ಹುಣ್ಣಿಗೆ ಮಾತ್ರ ಪ್ರಯೋಜನ ಕಾಣಲಿಲ್ಲ. ಮಿಕ್ಕ ಗಾಯಗಳ ಬಗ್ಗೆ ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ.

ಇಷ್ಟು ಓದಿ ಅಡುಗೆಮನೆಯ ಬಾಟಲಿಗೆ ಕೈ ಹಾಕಬೇಡಿ. ಗಾಯಕ್ಕೆಂದು ಮಾರುವ ವೈದ್ಯಕೀಯ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ಏಕೆಂದರೆ ಎಷ್ಟೇ ಶುದ್ಧ ಜೇನಿನಲ್ಲೂ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು ಎನ್ನುವುದೂ ಇದೇ ಕಾರಣಕ್ಕೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಶಾಸ್ತ್ರ ಇರುವ ಮನೆಗಳಲ್ಲಿ ಅಜ್ಜಿಯಂದಿರಿಗೆ ಇದನ್ನು ಸಮಾಧಾನವಾಗಿ ತಿಳಿಸಿ ಹೇಳಿ. ಕಿರಣ ಹಾಯಿಸಿದರೆ ಕಿಣ್ವ ಉಳಿಯುತ್ತದೆ, ಬೀಜಕ ಸಾಯುತ್ತದೆ. ಕುದಿಸಿದರೆ ಕಿಣ್ವ ಸಾಯುತ್ತದೆ, ಬೀಜಕ ಉಳಿಯುತ್ತದೆ.

ಬಾಟಲಿಯಲ್ಲಿರುವುದು ಜೇನೇ ಹೌದೋ ಎಂಬ ಪ್ರಶ್ನೆ ಬೇರೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ 13 ಬ್ರಾಂಡುಗಳ ಜೇನಿನ 22 ಮಾದರಿಗಳ ಪರೀಕ್ಷಾ ಫಲಿತಾಂಶ ಪ್ರಕಟಿಸಿತು. ಜರ್ಮನಿಯ ಪ್ರಯೋಗಾಲಯದಲ್ಲಿ ಮಾಡಿಸಿದ, ಅಣುಗಳ ಗುರುತು ಹಿಡಿಯುವ ಎನ್‌ಎಂಆರ್ ಪರೀಕ್ಷೆಯೂ ಸೇರಿದಂತೆ ಎಲ್ಲವನ್ನೂ ದಾಟಿದ್ದು ಮೂರೇ ಬ್ರಾಂಡು. ಸಕ್ಕರೆ ಪಾಕವನ್ನು ಮಾಮೂಲು ಪರೀಕ್ಷೆಗೆ ಸಿಕ್ಕದಂತೆ ತಯಾರಿಸುವ ಕಲೆ ಅಷ್ಟು ಮುಂದುವರಿದಿದೆ. ನೀರಿಗೆ ಬಿಟ್ಟು ನೋಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಇರುವೆ ಮುತ್ತುತ್ತದೋ ಎಂದು ಕಾಯುವುದು, ಇವು ಯಾವುವೂ ಆ ಪಾಕವನ್ನು ಹಿಡಿಯಲಾರವು. ಗುರುತಿನ ಜೇನು ಕೃಷಿಕರಿಂದ ತುಡುವೆ ಜೇನು ಕೊಳ್ಳುವುದು ತಿನ್ನಲು ಒಳ್ಳೆಯ ದಾರಿ, ಗಾಯಕ್ಕಲ್ಲ. ಕರಾವಳಿಯಲ್ಲಿ ಮುಜಂಟಿ, ಮಲೆನಾಡಿನಲ್ಲಿ ಮಿಸ್ರಿ ಎನ್ನುವ ಚುಚ್ಚದ ನೊಣದ ಜೇನಿಗೆ ಔಷಧೀಯ ಎಂಬ ಹೆಸರಿದೆ, ಬೆಲೆಯೂ ಅದಕ್ಕೆ ತಕ್ಕಂತಿದೆ. ಅದರಲ್ಲಿ ನೀರಿನಂಶ ಹೆಚ್ಚು, ಬೇಗ ಹುಳಿಯುತ್ತದೆ. ಮೇಲೆ ಹೇಳಿದ ದೊಡ್ಡ ಪುರಾವೆ ಆ ಜೇನಿನದ್ದಲ್ಲ.

ಮನೆಯಲ್ಲಿ ಕೈ ಸುಟ್ಟುಕೊಂಡರೆ ಮೊದಲ ಕೆಲಸ ಜೇನೂ ಅಲ್ಲ, ಟೂತ್‌ಪೇಸ್ಟೂ ಅಲ್ಲ, ದೋಸೆಹಿಟ್ಟೂ ಅಲ್ಲ. ನಲ್ಲಿಯ ತಣ್ಣೀರಿನ ಧಾರೆಗೆ 20 ನಿಮಿಷ ಹಿಡಿಯಿರಿ, ಐಸು ಬೇಡ. ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖ, ಕೈಬೆರಳು, ಗುಪ್ತಾಂಗದ ಸುಟ್ಟಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಯಾವುದೇ ಗಾಯ, ಇವು ನೇರ ಆಸ್ಪತ್ರೆಗೆ.

ಲವಂಗ ಗೆದ್ದಿತು, ಲೋಳೆಸರ ಎಡವಿತು

ಒಳ್ಳೆಯ ಪರೀಕ್ಷೆ ಹೇಗಿರುತ್ತದೆ ಎಂದು ನೋಡಲು ಲವಂಗದ ಉದಾಹರಣೆ ಸಾಕು. ಕುವೈತಿನ ದಂತವೈದ್ಯರು 73 ಸ್ವಯಂಸೇವಕರ ಒಸಡಿಗೆ ನಾಲ್ಕು ಬಗೆಯ ಜೆಲ್ ಹಚ್ಚಿದರು: ಲವಂಗದ್ದು, ಮರಗಟ್ಟಿಸುವ ಬೆಂಜೊಕೇನ್, ಮತ್ತು ಅವೆರಡನ್ನೇ ಹೋಲುವ ಎರಡು ಹುಸಿ ಜೆಲ್. ಐದು ನಿಮಿಷ ಬಿಟ್ಟು ಸೂಜಿ ಚುಚ್ಚಿ ನೋವು ಎಷ್ಟು ಎಂದು ಕೇಳಿದರು. ಲವಂಗ ಬೆಂಜೊಕೇನಿಗೆ ಸಮಸಮ ನಿಂತಿತು, ಹುಸಿ ಜೆಲ್‌ಗಳೆರಡೂ ಸೋತವು. ಇದು ಪ್ರಕಟವಾದದ್ದು 2006ರಲ್ಲಿ. ಲವಂಗದೊಳಗಿನ ಯೂಜೆನಾಲನ್ನು ದಂತವೈದ್ಯರು ಸತುವಿನ ಆಕ್ಸೈಡಿನ ಜೊತೆ ಕಲಸಿ ಹಲ್ಲಿನ ತೂತು ತಾತ್ಕಾಲಿಕವಾಗಿ ಮುಚ್ಚಲು ಇಂದಿಗೂ ಬಳಸುತ್ತಾರೆ. ಹಲ್ಲುನೋವಿಗೆ ಲವಂಗ ಕಚ್ಚಿ ಹಿಡಿಯುವವರದ್ದು ಮೂಢನಂಬಿಕೆಯಲ್ಲ. ಆದರೆ ಲವಂಗದೆಣ್ಣೆಯ ಶೀಶೆ ಮಕ್ಕಳ ಕೈಗೆ ಸಿಗದಿರಲಿ, ಕುಡಿದರೆ ಪಿತ್ತಜನಕಾಂಗ ಕೆಡುತ್ತದೆ.

ಹುಸಿಗುಳಿಗೆ ಏಕೆ ಬೇಕು ಎಂದು ಕೇಳುವವರಿಗೆ ಉತ್ತರ 1978ರ ಒಂದು ಅಧ್ಯಯನದಲ್ಲಿದೆ. ದವಡೆ ಹಲ್ಲು ಕೀಳಿಸಿಕೊಂಡವರಿಗೆ ಹುಸಿ ಮದ್ದು ಕೊಟ್ಟಾಗ ಕೆಲವರ ನೋವು ನಿಜವಾಗಿಯೂ ಇಳಿಯಿತು. ಅಫೀಮಿನ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟೊಡನೆ ಆ ನೋವು ಮರಳಿತು. ಅಂದರೆ ನಂಬಿಕೆಯಿಂದ ಮಿದುಳು ತನ್ನದೇ ನೋವು ನಿವಾರಕವನ್ನು ಸ್ರವಿಸುತ್ತದೆ. ನೋವಿನ ವಿಷಯದಲ್ಲಿ ‘ನನಗೆ ಗುಣವಾಯಿತು’ ಎಂಬ ಮಾತು ಸತ್ಯವಾಗಿದ್ದೂ ಮದ್ದಿಗೆ ಅದರಲ್ಲಿ ಪಾಲಿಲ್ಲದಿರಬಹುದು.

ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ಗಿಡದಿಂದ ಔಷಧಿಯಾದ ಗಟ್ಟಿ ಉದಾಹರಣೆ. ಅದು ಹಿಡಿಯುವ ನರದ ಬಾಗಿಲನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿತು, 2021ರಲ್ಲಿ ಅವರಿಗೆ ನೊಬೆಲ್ ಬಂತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿನೋವಿಗೆ ಶೇ 8ರ ಕ್ಯಾಪ್ಸೈಸಿನ್ ಪಟ್ಟಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಅಂಗಡಿಯಲ್ಲಿ ಸಿಗುವ ಕ್ರೀಮುಗಳಲ್ಲಿ ಇರುವುದು ಅದರ ನೂರರಲ್ಲೊಂದು ಪಾಲಿನ ಆಸುಪಾಸು. ದಿನಕ್ಕೆ ಮೂರು-ನಾಲ್ಕು ಸಲದಂತೆ ಕೆಲವು ವಾರ ಹಚ್ಚಿದರೇನೇ ಫಲ. ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಣ್ಣಿಗೆ ಒಯ್ದರೆ ಆ ದಿನ ಮರೆಯುವುದಿಲ್ಲ.

ಲೋಳೆಸರ ಕಲಿಸುವ ಪಾಠ ಬೇರೆಯೇ. ಸಣ್ಣ ಸುಟ್ಟಗಾಯಕ್ಕೆ ಅದು ಒಳ್ಳೆಯದು ಎನ್ನುವ ಸಣ್ಣಸಣ್ಣ ಪ್ರಯೋಗಗಳಿವೆ. ಆದರೆ ಹೊಟ್ಟೆಯ ಆಪರೇಷನ್ನಿನ ಬಳಿಕ ಗಾಯ ಬಿಟ್ಟುಕೊಂಡ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲು ಆರೈಕೆಯಲ್ಲಿ ಗಾಯ ಸರಾಸರಿ 53 ದಿನಕ್ಕೆ ಮಾಯ್ದರೆ, ಲೋಳೆಸರದ ಜೆಲ್ ಹಚ್ಚಿದವರಿಗೆ 83 ದಿನ ಹಿಡಿಯಿತು. ರೋಗಿಗಳ ಸಂಖ್ಯೆ ಚಿಕ್ಕದು ನಿಜ. ಆದರೂ ‘ಹಚ್ಚಿದರೆ ನಷ್ಟವೇನು’ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ಜೇನಿನ ಮುಳ್ಳು, ಗೂಡಿನ ಅಂಟು

ಜೇನು ಸಾಕುವವರಿಗೆ ಸಂಧಿವಾತ ಬರುವುದಿಲ್ಲ ಎಂಬ ಮಾತು ಹಳೆಯದು. ಆಸ್ಟ್ರಿಯಾದ ವೈದ್ಯ ಫಿಲಿಪ್ ಟೆರ್ಚ್ 1888ರಲ್ಲೇ ಇದರ ಬಗ್ಗೆ ಬರೆದಿದ್ದ. ಜೇನುವಿಷದ ಒಣತೂಕದ ಅರ್ಧದಷ್ಟು ಮೆಲಿಟಿನ್ ಎಂಬ ಪೆಪ್ಟೈಡ್. ಅದು ಉರಿಯೂತ ತಗ್ಗಿಸುತ್ತದೆ ಎನ್ನುವ ಇಲಿಯ ಪ್ರಯೋಗಗಳಿವೆ. ತಮಾಷೆಯೆಂದರೆ, ನೋವು ನಿವಾರಕಗಳನ್ನು ಪರೀಕ್ಷಿಸುವವರು ಇಲಿಗೆ ನೋವು ಬರಿಸಲು ಚುಚ್ಚುವ ವಸ್ತುಗಳಲ್ಲಿ ಜೇನುವಿಷವೂ ಒಂದು. ನೆದರ್ಲೆಂಡ್ಸ್‌ನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವ 26 ಜನರಿಗೆ 24 ವಾರ ಜೇನು ಚುಚ್ಚಿಸಿ ನೋಡಿದಾಗ ಯಾವ ಗುಣವೂ ಕಾಣಲಿಲ್ಲ. ಸ್ಪೇನಿನಲ್ಲಿ ಎರಡು ವರ್ಷಗಳಿಂದ ತೊಂದರೆಯಿಲ್ಲದೆ ಈ ಚಿಕಿತ್ಸೆ ಪಡೆಯುತ್ತಿದ್ದ 55ರ ಮಹಿಳೆ ಒಂದು ದಿನ ಅದೇ ಒಂದು ಕುಟುಕಿಗೆ ಅಲರ್ಜಿಯ ಆಘಾತವಾಗಿ ತೀರಿಕೊಂಡರು ಎಂದು 2018ರ ವರದಿ ಹೇಳುತ್ತದೆ. ಇಲ್ಲಿವರೆಗೆ ಒಗ್ಗಿದೆ ಎಂಬುದು ಮುಂದಿನ ಸಲಕ್ಕೆ ಭರವಸೆಯಲ್ಲ. ತುರ್ತು ಚಿಕಿತ್ಸೆಯ ಸೌಲಭ್ಯವಿಲ್ಲದ ಕಡೆ ಜೇನು ಚುಚ್ಚಿಸಿಕೊಳ್ಳಬೇಡಿ ಎಂದು ಮೆತ್ತಗೆ ಹೇಳಬಹುದಿತ್ತು. ಚುಚ್ಚಿಸಿಕೊಳ್ಳಲೇಬೇಡಿ ಎನ್ನುತ್ತೇನೆ.

ಪ್ರೊಪೊಲಿಸ್ ಎಂದರೆ ನೊಣಗಳು ಮರದ ಮೊಗ್ಗು-ತೊಗಟೆಗಳ ರಾಳ ತಂದು ಗೂಡಿನ ಸಂದು ಮುಚ್ಚುವ ಅಂಟು. ಸುತ್ತಲಿನ ಮರ ಬದಲಾದರೆ ಅಂಟಿನ ರಸಾಯನವೂ ಬದಲು. ಯುರೋಪಿನದ್ದು ಪಾಪ್ಲರ್ ಮರದ್ದು, ಬ್ರೆಜಿಲಿನ ಹಸಿರು ಪ್ರೊಪೊಲಿಸ್ ಬೇರೊಂದು ಪೊದೆಯದ್ದು. ಬ್ರೆಜಿಲಿನಲ್ಲಿ ನಡೆದ ಪರೀಕ್ಷೆಯ ಫಲವನ್ನು ಬೇರೆ ಊರಿನ ಅಂಟಿನ ಡಬ್ಬಿಯ ಮೇಲೆ ಅಚ್ಚು ಹಾಕಿದರೆ ನಂಬಬೇಕಿಲ್ಲ. ಚರ್ಮದ ಅಲರ್ಜಿಯೂ ಇದರಿಂದ ಅಪರೂಪವಲ್ಲ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಭಾರತದಲ್ಲಿ ಮನುಷ್ಯರ ಮೇಲೆ ನಡೆಯುವ ಔಷಧ ಪ್ರಯೋಗಗಳು, ಆಯುರ್ವೇದದ್ದೂ ಸೇರಿ, ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ತಾಣದಲ್ಲಿ ದಾಖಲಾಗುತ್ತವೆ. 2007ರಲ್ಲಿ ಶುರುವಾದ ಇದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಗಿಡದ ಲ್ಯಾಟಿನ್ ಹೆಸರು ಹಾಕಿ ಹುಡುಕಿ, ಏಕೆಂದರೆ ಬ್ರಾಹ್ಮಿ ಎಂದರೆ ನಮ್ಮಲ್ಲಿ ಒಂದೆಲಗ, ಉತ್ತರದವರಿಗೆ ಬೇರೆ ಗಿಡ. ಎಷ್ಟು ರೋಗಿಗಳು, ಹೋಲಿಕೆಗೆ ಏನು, ದುಡ್ಡು ಕೊಟ್ಟವರು ಯಾರು ಎಂಬುದು ಅಲ್ಲಿರುತ್ತದೆ. ಡಬ್ಬಿಯ ಹಿಂದೆಯೂ ಕಣ್ಣಾಡಿಸಿ. ಆಯುರ್ವೇದ ಔಷಧಿಯಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ ಇರಬೇಕು. ಎಫ್‌ಎಸ್‌ಎಸ್‌ಎಐ ಸಂಖ್ಯೆಯಿರುವ ಪೂರಕ ಆಹಾರವಾದರೆ ‘ಔಷಧಿಯಾಗಿ ಬಳಸಲು ಅಲ್ಲ’ ಎಂಬ ಸಾಲು ಕಾಣಬೇಕು. ಮುಂದೆ ಮಂಡಿಯ ಚಿತ್ರ, ಹಿಂದೆ ಆ ಸಾಲು ಎರಡೂ ಇದ್ದರೆ ಹಿಂದಿನದನ್ನೇ ನಂಬಿ.

ಹೆಸರಿಲ್ಲದ ಪುಡಿಪೊಟ್ಟಣ ತಿಂದ ಎರಡೇ ದಿನಕ್ಕೆ ಸಂಧಿನೋವು ಮಾಯವಾದರೆ ಖುಷಿಪಡುವ ಮುಂಚೆ ಅನುಮಾನಪಡಿ. ಗಿಡಮೂಲಿಕೆಯ ಹೆಸರಿನಲ್ಲಿ ಸ್ಟಿರಾಯ್ಡ್ ಬೆರೆಸಿ ಮಾರುವುದು ಜಗತ್ತಿನೆಲ್ಲೆಡೆ ಇರುವ ದಂಧೆ. 2022ರಲ್ಲಿ ಅಮೆರಿಕದ ನಿಯಂತ್ರಕರು ‘ಗಿಡಮೂಲಿಕೆ’ಯ ಸಂಧಿನೋವಿನ ಮಾತ್ರೆಯೊಂದರಲ್ಲಿ ಡೆಕ್ಸಾಮೆಥಸೋನ್, ಡೈಕ್ಲೋಫೆನಾಕ್ ಎರಡನ್ನೂ ಪತ್ತೆಹಚ್ಚಿದರು. ಮುಖ ಊದುವುದು, ಸಕ್ಕರೆ ಏರುವುದು, ಬಿಟ್ಟೊಡನೆ ನೋವು ಇಮ್ಮಡಿಯಾಗುವುದು ಇದರ ಲಕ್ಷಣ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸದೆ, ಪೊಟ್ಟಣದ ಸಮೇತ ಡಾಕ್ಟರ ಬಳಿ ಹೋಗಿ.

ಹಳೆಯ ಮಂಡಿನೋವು, ಬೆನ್ನುನೋವಿಗೆ ಏನಾದರೂ ಪ್ರಯತ್ನಿಸಲೇಬೇಕು ಎನಿಸಿದರೆ ಅದನ್ನೂ ಪರೀಕ್ಷೆಯಂತೆಯೇ ಮಾಡಿ. ನೋವು ಏರಿಳಿಯುವಂಥದು. ನಾವು ಹೊಸ ಮದ್ದು ಶುರು ಮಾಡುವುದು ಅದು ತಾರಕಕ್ಕೇರಿದಾಗ, ಆಮೇಲೆ ಅದು ತಾನಾಗಿ ಇಳಿದರೂ ಕೀರ್ತಿ ಮದ್ದಿಗೆ ಹೋಗುತ್ತದೆ. ಹಾಗಾಗಿ ಮದ್ದು ಮುಟ್ಟುವ ಮುಂಚೆ ಎರಡು ವಾರ, ದಿನವೂ ಒಂದೇ ಹೊತ್ತಿಗೆ, ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಿರಿ. ಆಮೇಲೆ ಒಂದೇ ಒಂದು ಹೊಸ ವಸ್ತು ಶುರು ಮಾಡಿ. ಅದೇ ವಾರ ವ್ಯಾಯಾಮ, ಎಣ್ಣೆ, ಪಥ್ಯ ಎಲ್ಲ ಬದಲಿಸಬೇಡಿ. ನಾಲ್ಕಾರು ವಾರಗಳಲ್ಲಿ ಅಂಕ ಎರಡಾದರೂ ಇಳಿಯದಿದ್ದರೆ ನಿಲ್ಲಿಸಿ. ಇಳಿದಿದ್ದರೂ ಒಮ್ಮೆ ನಿಲ್ಲಿಸಿ, ಮತ್ತೆ ಏರುತ್ತದೆಯೇ ನೋಡಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಈ ಆಟಕ್ಕೆ ಸೇರಿಸಬೇಡಿ. ಜ್ವರ, ಕೀವು, ಕಾಲು ಮರಗಟ್ಟುವುದು, ರಾತ್ರಿ ನಿದ್ದೆ ಕೆಡಿಸುವ ಹೊಸ ನೋವು ಇದ್ದರೆ ಕ್ಯಾಲೆಂಡರು ಬಿಟ್ಟು ಆಸ್ಪತ್ರೆಗೆ ನಡೆಯಿರಿ. ಕಣ್ಣು ಅಥವಾ ಮೂತ್ರ ಹಳದಿಯಾದರೆ, ಮೈ ತುರಿಸಿದರೆ, ಉಸಿರು ಕಟ್ಟಿದರೆ ಮದ್ದು ಆ ಕ್ಷಣವೇ ನಿಲ್ಲಬೇಕು.

ಗಿಡಮೂಲಿಕೆಯಿಂದ ತೊಂದರೆಯಾದವರು ಅದನ್ನು ಯಾರಿಗೂ ಹೇಳದೆ ಸುಮ್ಮನಾಗುವುದೇ ಹೆಚ್ಚು. ದಯವಿಟ್ಟು ಹೇಳಿ. ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024. ಡಾಕ್ಟರ ಚೀಟಿ ಬೇಕಿಲ್ಲ, ರೋಗಿಯೇ ತುಂಬಬಹುದಾದ ದೂರಿನ ನಮೂನೆ ಕನ್ನಡದಲ್ಲೂ ಇದೆ.